ಬಿಡಿಭಾಗಗಳ ನಡುವಿನ ಸಂದು

ಡೇಟಾಬೇಸ್‌ನಲ್ಲಿ ಒಂದು ಸಾಲು ಇತ್ತು. ಹುಡುಕಿದರೆ ಮಾತ್ರ ಸಿಗುತ್ತಿರಲಿಲ್ಲ. ಇದು ನಡೆದು ಕೆಲವು ವರ್ಷಗಳಾದವು, ಕಾರಣ ಗೊತ್ತಾಗಿ ಸರಿಪಡಿಸಿದ್ದೂ ಆಯಿತು. ಆದರೂ ಹೊಸ ವರ್ಚುವಲ್ ಸರ್ವರ್ (ದೊಡ್ಡ ಯಂತ್ರವೊಂದರೊಳಗೆ ತಂತ್ರಾಂಶದಿಂದ ಎಬ್ಬಿಸುವ ಯಂತ್ರ) ಒಂದನ್ನು ಕಟ್ಟಲು ಕುಳಿತಾಗಲೆಲ್ಲ ಆ ಸಾಲು ನೆನಪಿಗೆ ಬರುತ್ತದೆ. ನಮ್ಮ ಸರ್ವರ್‌ಗಳು ಹೇಗಿರಬೇಕೆಂದು ನಾನು ಬಹಳ ಕಾಲದಿಂದ ಬಯಸಿದ್ದೆನೋ ಆ ಹೊತ್ತಿಗೆ ಹಾಗೆಯೇ ಇದ್ದವು. ಪ್ರತಿಯೊಂದರ ಇಮೇಜ್, ಎಂದರೆ ಯಂತ್ರಕ್ಕೆ ಬೇಕಾದ ತಂತ್ರಾಂಶವೆಲ್ಲ ಇರುವ ಡಿಸ್ಕ್‌ನ ಅಚ್ಚು ಕೂಡ, ಒಂದು ಪಟ್ಟಿಯಿಂದ ತಯಾರಾಗುತ್ತಿತ್ತು: ತಳಕ್ಕೆ ತೀರಾ ಅಗತ್ಯವಾದ ಪ್ಯಾಕೇಜ್‌ಗಳಷ್ಟೇ ಇರುವ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್, ಅದರ ಮೇಲೆ ಡೇಟಾಬೇಸ್ ಇಲ್ಲವೇ ವೆಬ್ ಸರ್ವರ್, ಜೊತೆಗೆ ಲಾಗ್ (ಯಂತ್ರದ ದಿನಚರಿ) ಸಂಗ್ರಹಿಸುವ ಮತ್ತು ನಿಗಾ ಇಡುವ ತಂತ್ರಾಂಶಗಳು, ಕೊನೆಗೆ ನಮ್ಮದೇ ಅಪ್ಲಿಕೇಶನ್. ಯಾರೂ ಸರ್ವರ್‌ಗೆ ಲಾಗಿನ್ ಆಗಿ ಕೈಯಿಂದ ಏನನ್ನೂ ಬದಲಿಸುತ್ತಿರಲಿಲ್ಲ. ಪಟ್ಟಿಯನ್ನು ತಿದ್ದುವುದು, ಹೊಸ ಇಮೇಜ್ ಕಟ್ಟುವುದು, ಹಳೆಯ ಯಂತ್ರವನ್ನು ಅಳಿಸಿ ಹೊಸದನ್ನು ನಿಲ್ಲಿಸುವುದು, ಇಷ್ಟೇ ಕೆಲಸ. ಅಷ್ಟು ಶಿಸ್ತಿನ ನಡುವೆಯೇ ಆ ಸಾಲು ಕಾಣೆಯಾಯಿತು ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಸಿಗದ ಸಾಲು

2019ರ ಜುಲೈ ತಿಂಗಳಲ್ಲಿ ಡೆಬಿಯನ್ 10 ಬಿಡುಗಡೆಯಾಯಿತು. ನಾವು ಕೆಲವು ತಿಂಗಳು ಕಾದು, ಇಮೇಜ್‌ಗಳ ತಳವನ್ನು ಡೆಬಿಯನ್ 9ರಿಂದ 10ಕ್ಕೆ ಬದಲಿಸಿದೆವು. ಡೇಟಾಬೇಸ್ ಪೋಸ್ಟ್‌ಗ್ರೆಸ್, ಅದರ ಆವೃತ್ತಿ 11 ಆಗಿತ್ತು, ಅದನ್ನು ಬೇಕೆಂದೇ ಹಾಗೆ ಉಳಿಸಿಕೊಂಡಿದ್ದೆವು. ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ, ತೊಂದರೆ ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದು ಕಷ್ಟ ಎಂಬ ಎಚ್ಚರ ನಮಗಿತ್ತು. ಡೇಟಾ ಪ್ರತ್ಯೇಕವಾದ ವರ್ಚುವಲ್ ಡಿಸ್ಕ್‌ನಲ್ಲಿತ್ತು. ಹಳೆಯ ಯಂತ್ರವನ್ನು ನಿಲ್ಲಿಸಿ, ಆ ಡಿಸ್ಕನ್ನು ಬಿಡಿಸಿ, ಹೊಸ ಯಂತ್ರಕ್ಕೆ ಜೋಡಿಸಿ ಚಾಲೂ ಮಾಡಿದೆವು. ಡೇಟಾಬೇಸ್ ತಕರಾರಿಲ್ಲದೆ ಮೇಲೆದ್ದಿತು. ಲಾಗ್‌ನಲ್ಲಿ ಒಂದು ಎಚ್ಚರಿಕೆಯೂ ಇರಲಿಲ್ಲ. ಬಿಡಿಭಾಗಗಳಿಂದ ಸರ್ವರ್ ಕಟ್ಟುವುದರ ಪ್ರಯೋಜನ ಇದೇ ಎಂದು ಆ ರಾತ್ರಿ ನೆಮ್ಮದಿಯಿಂದ ಮಲಗಿದ್ದೆ.

ಎರಡು ದಿನಗಳಾದ ಮೇಲೆ, ಬಳಕೆದಾರರ ದೂರುಗಳನ್ನು ನೋಡಿಕೊಳ್ಳುವ ಸಹೋದ್ಯೋಗಿಯೊಬ್ಬರು ಬಂದು, "ಒಂದು ಖಾತೆ ಇದೆ, ಆದರೆ ಹುಡುಕಿದರೆ ಇಲ್ಲ ಅನ್ನುತ್ತಿದೆ. ಸ್ವಲ್ಪ ನೋಡ್ತೀರಾ?" ಎಂದು ಕೇಳಿದರು. ಅವರ ಪರದೆಯಲ್ಲಿ ಎರಡು ಪುಟಗಳು ಅಕ್ಕಪಕ್ಕದಲ್ಲಿದ್ದವು. ಒಂದರಲ್ಲಿ ಎಲ್ಲ ಖಾತೆಗಳ ಪಟ್ಟಿ. ನಡುವೆ ಅಡ್ಡಗೆರೆ ಇರುವ ಆ ಖಾತೆಯ ಸಂಕೇತ ಅಲ್ಲಿ ಕಣ್ಣೆದುರೇ ಇತ್ತು. ಇನ್ನೊಂದರಲ್ಲಿ ಅದೇ ಸಂಕೇತವನ್ನು ಕೊಟ್ಟು ಹುಡುಕಿದ್ದಕ್ಕೆ ದಾಖಲೆ ಇಲ್ಲವೆಂಬ ಉತ್ತರ. ಸಂಕೇತದ ಕೊನೆಯಲ್ಲಿ ಕಾಣದ ಖಾಲಿ ಜಾಗವೇನಾದರೂ ಸೇರಿದೆಯೇ ಎಂದು ಮೊದಲು ನೋಡಿದೆ, ಇರಲಿಲ್ಲ. ಅಕ್ಷರಗಳನ್ನು ಬೈಟ್ ಬೈಟಾಗಿ ಹೋಲಿಸಿದೆ, ಎರಡೂ ಒಂದೇ. ಡೇಟಾಬೇಸ್‌ಗೆ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಬಳಸದೆ ಇಡೀ ಟೇಬಲನ್ನು ಮೊದಲಿನಿಂದ ಕೊನೆಯವರೆಗೆ ಓದು ಎಂದು ಹೇಳಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಸಾಲು ಸಿಕ್ಕಿತು. ಒಂದಲ್ಲ, ಎರಡು ಸಿಕ್ಕವು. ತನ್ನ ಖಾತೆ ಕಾಣದ ಬಳಕೆದಾರ ಮತ್ತೊಮ್ಮೆ ನೋಂದಾಯಿಸಿಕೊಂಡಿದ್ದರು. ಒಂದೇ ಸಂಕೇತ ಎರಡು ಬಾರಿ ಬರಕೂಡದೆಂದು ನಾವು ಹಾಕಿದ್ದ ನಿರ್ಬಂಧವನ್ನು ಡೇಟಾಬೇಸ್ ಸದ್ದಿಲ್ಲದೆ ಮೀರಿತ್ತು. ಬೆನ್ನಿನಲ್ಲಿ ಚಳಿ ಹುಟ್ಟಿದ್ದು ಆಗ. ಸಿಗದ ಒಂದು ಸಾಲಿಗಿಂತ, ಕಾವಲು ತಪ್ಪಿದ ನಿರ್ಬಂಧ ಎಷ್ಟೋ ದೊಡ್ಡ ಸಂಗತಿ.

ಕಾರಣ ಹುಡುಕಲು ಆ ಸಂಜೆ ಪೂರ್ತಿ ಬೇಕಾಯಿತು. ಕೊನೆಗೆ ಅದು ತೀರಾ ಸಣ್ಣ ಪರೀಕ್ಷೆಯೊಂದರಲ್ಲಿ ಬಯಲಾಯಿತು. "1-1" ಮತ್ತು "11" ಎಂಬ ಎರಡೇ ಎರಡು ಸಾಲುಗಳನ್ನು ಹಳೆಯ ಇಮೇಜ್‌ನಲ್ಲಿ ಅಮೆರಿಕನ್ ಇಂಗ್ಲಿಷ್ ಕ್ರಮದಂತೆ ವಿಂಗಡಿಸಿದರೆ 11 ಮೊದಲು ಬರುತ್ತಿತ್ತು, 1-1 ನಂತರ. ಹೊಸ ಇಮೇಜ್‌ನಲ್ಲಿ ಅದೇ ಆಜ್ಞೆ ಕೊಟ್ಟರೆ 1-1 ಮೊದಲು, 11 ನಂತರ. ಪೋಸ್ಟ್‌ಗ್ರೆಸ್ ಪಠ್ಯವನ್ನು ಹೋಲಿಸುವ ಕೆಲಸವನ್ನು, ಬೇರೆ ಏರ್ಪಾಡು ಮಾಡದಿದ್ದರೆ, ಆಪರೇಟಿಂಗ್ ಸಿಸ್ಟಮ್‌ನ ಸಿ ಲೈಬ್ರರಿಗೆ, ಎಂದರೆ ಬಹುತೇಕ ತಂತ್ರಾಂಶಗಳು ಹಂಚಿಕೊಳ್ಳುವ ಮೂಲ ಕೋಡಿಗೆ, ಒಪ್ಪಿಸುತ್ತದೆ. ಆ ಲೈಬ್ರರಿ ಜಿಲಿಬ್‌ಸಿ. 2018ರ ಆಗಸ್ಟ್‌ನಲ್ಲಿ ಬಂದ ಅದರ 2.28ನೆಯ ಆವೃತ್ತಿಯಲ್ಲಿ, ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದುವಂತೆ ವಿಂಗಡಣೆಯ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಪರಿಷ್ಕರಿಸಲಾಗಿತ್ತು. ಡೆಬಿಯನ್ 9ರಲ್ಲಿ ಇದ್ದದ್ದು 2.24, ಡೆಬಿಯನ್ 10ರಲ್ಲಿ 2.28. ನಮ್ಮ ಪಟ್ಟಿಯಲ್ಲಿ ಬದಲಾದದ್ದು ತಳದ ಹೆಸರಿನ ಒಂದು ಅಂಕಿ. ಆ ಅಂಕಿಯ ಬೆನ್ನಿಗೆ ಅಕ್ಷರಗಳ ಹಿಂದುಮುಂದೇ ಬದಲಾಗಿತ್ತು.

ಇಂಡೆಕ್ಸ್ ಎಂಬುದು ನಿಘಂಟಿನಂತೆ ಕ್ರಮದಲ್ಲಿ ಜೋಡಿಸಿಟ್ಟ ಪಟ್ಟಿ. ನಡುವಿನ ಪುಟ ತೆರೆದು, ಬೇಕಾದ ಪದ ಇದಕ್ಕಿಂತ ಹಿಂದೆಯೋ ಮುಂದೆಯೋ ಎಂದು ನೋಡುತ್ತ ಹುಡುಕಾಟ ಸಾಗುತ್ತದೆ. ವರ್ಣಮಾಲೆಯನ್ನು ಕಲಿಯುವಾಗ ಳ ಆದ ಮೇಲೆ ಕ್ಷ, ಜ್ಞ ಬರೆದು ಅಭ್ಯಾಸವಾದವರೊಬ್ಬರು ನಿಘಂಟಿನಲ್ಲಿ 'ಕ್ಷಮೆ'ಯನ್ನು ಹುಡುಕಲು ಕೊನೆಯ ಪುಟಗಳಿಗೆ ಹೋದರೆ ಏನಾಗುತ್ತದೆಯೋ ಇಲ್ಲಿಯೂ ಆದದ್ದು ಅದೇ. ಪದ ಕಕಾರದ ಅಡಿಯಲ್ಲಿ ತನ್ನ ಜಾಗದಲ್ಲೇ ಇದೆ, ಹುಡುಕಿದವರು ತಮ್ಮ ಲೆಕ್ಕಕ್ಕೆ ಸರಿಯಾದ ಜಾಗದಲ್ಲೇ ಹುಡುಕಿದ್ದಾರೆ, ಆದರೂ ಇಲ್ಲವೆಂದು ಪುಸ್ತಕ ಮುಚ್ಚಿಡುತ್ತಾರೆ. ಹಳೆಯ ಲೈಬ್ರರಿ ಬರೆದಿಟ್ಟ ಇಂಡೆಕ್ಸನ್ನು ಹೊಸ ಲೈಬ್ರರಿ ತನ್ನ ಕ್ರಮದಲ್ಲಿ ಓದುತ್ತಿತ್ತು. ಯಾವ ಭಾಗದಲ್ಲೂ ದೋಷ ಇರಲಿಲ್ಲ. ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಿ, ಎರಡೆರಡಾಗಿದ್ದ ಸಾಲುಗಳನ್ನು ಒಂದೊಂದಾಗಿ ಬಿಡಿಸಿ ಸರಿಮಾಡಲು ಮೂರು ದಿನ ಹಿಡಿಯಿತು.

ಆ ಮೂರು ದಿನಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಡೇಟಾ ಡಿಸ್ಕ್‌ನಲ್ಲಿದೆ, ತಂತ್ರಾಂಶ ಇಮೇಜ್‌ನಲ್ಲಿದೆ, ಎರಡರ ನಡುವಿನ ಸಂದು ಇದೇ ಎಂದು ನಾವು ಗೆರೆ ಎಳೆದಿದ್ದೆವು. ಆದರೆ ಡೇಟಾದ ಅರ್ಧ, ಎಂದರೆ ಅದರ ಕ್ರಮ, ಗೆರೆಯ ಆಚೆ ಬದಿಯ ಸಿ ಲೈಬ್ರರಿಯಲ್ಲಿ ವಾಸವಾಗಿತ್ತು. ನಾವು ಡಿಸ್ಕನ್ನು ಬಿಡಿಸಿಕೊಂಡು ಬರುವಾಗ ಆ ಅರ್ಧವನ್ನು ಹಳೆಯ ಯಂತ್ರದೊಂದಿಗೇ ಅಳಿಸಿಹಾಕಿದ್ದೆವು. ಭಾಗಗಳನ್ನು ಆಯ್ದು ಜೋಡಿಸುವುದಕ್ಕೆ ಈಗ ಬೇಕಾದಷ್ಟು ಸಾಧನಗಳಿವೆ. ಯಾವುದು ಯಾವ ಭಾಗಕ್ಕೆ ಸೇರಿದ್ದು ಎಂದು ಸರಿಯಾಗಿ ತೀರ್ಮಾನಿಸುವ ಕೆಲಸವನ್ನು ಮಾತ್ರ ಯಾವ ಸಾಧನವೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ, ಮತ್ತು ಸರ್ವರ್ ಕಟ್ಟುವವರ ನಿಜವಾದ ಹೊಣೆ ಅಲ್ಲಿಯೇ ಇದೆ ಎಂದು ನಾನು ನಂಬುತ್ತೇನೆ.

ಒಂದೇ ಗುರುತಿನ ಮೂರು ಯಂತ್ರಗಳು

ಇದರ ತದ್ವಿರುದ್ಧ ದಿಕ್ಕಿನ ತಪ್ಪನ್ನು ನಾನು ಅದಕ್ಕೂ ಮುಂಚೆಯೇ ಮಾಡಿದ್ದೆ. ಆಗ ಇಮೇಜ್ ಕಟ್ಟುವ ಕ್ರಮ ಇನ್ನೂ ಒರಟಾಗಿತ್ತು: ಒಂದು ವರ್ಚುವಲ್ ಮಷೀನನ್ನು ಚಾಲೂ ಮಾಡಿ, ಬೇಕಾದದ್ದನ್ನೆಲ್ಲ ಅದರಲ್ಲಿ ಸ್ಥಾಪಿಸಿ, ನಿಲ್ಲಿಸಿ, ಅದರ ಡಿಸ್ಕನ್ನೇ ಮಾದರಿಯಾಗಿಟ್ಟುಕೊಂಡು ನಕಲು ತೆಗೆಯುವುದು. ಹಾಗೆ ಒಂದೇ ಮಾದರಿಯಿಂದ ಮೂರು ಯಂತ್ರಗಳನ್ನು ಎಬ್ಬಿಸಿದೆ. ಒಂದಕ್ಕೆ, ದೂರದಿಂದಲೇ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಮೂಲಕ ಹೋಗಿ ಕಾನ್ಫಿಗರೇಶನ್ ಫೈಲ್ ಒಂದನ್ನು ಬರೆದೆ. ಸಂಪರ್ಕ ಕಡಿದು ಮತ್ತೆ ಹೋದಾಗ ಫೈಲ್ ಇರಲಿಲ್ಲ. ಉಳಿಸಲು ಮರೆತೆನೇನೋ ಎಂದುಕೊಂಡು ಮತ್ತೆ ಬರೆದೆ. ಸ್ವಲ್ಪ ಹೊತ್ತಿನ ನಂತರ ನೋಡಿದರೆ ಫೈಲ್ ಇತ್ತು, ಆದರೆ ಅದರಲ್ಲಿದ್ದದ್ದು ನಾನು ಮೊದಲ ಸಲ ಬರೆದದ್ದು. ಡಿಸ್ಕ್ ಕೆಟ್ಟಿದೆ ಎಂದು ಒಂದು ಗಂಟೆ ಅದರ ಬೆನ್ನು ಹತ್ತಿದೆ.

ಮೂರೂ ಯಂತ್ರಗಳು ಒಂದೇ ಐಪಿ ವಿಳಾಸವನ್ನು ಪಡೆದುಕೊಂಡಿದ್ದವು. ನೆಟ್‌ವರ್ಕ್ ಕಾರ್ಡ್‌ನ ಗುರುತಾದ ಮ್ಯಾಕ್ ವಿಳಾಸ ಮೂರಕ್ಕೂ ಬೇರೆ ಬೇರೆ ಇತ್ತಾದ್ದರಿಂದ ಹಾಗಾಗಲು ಸಾಧ್ಯವಿಲ್ಲ ಎಂಬುದು ನನ್ನ ತಿಳಿವಳಿಕೆ. ಆದರೆ ಯಂತ್ರದ ಸೇವೆಗಳನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿಯ ನೆಟ್‌ವರ್ಕ್ ಸೇವೆ, ಐಪಿ ವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ಸರ್ವರ್‌ಗೆ ವಿಳಾಸ ಕೇಳುವಾಗ ತನ್ನನ್ನು ಗುರುತಿಸಿಕೊಳ್ಳಲು ರೂಢಿಯಂತೆ ಮ್ಯಾಕ್ ವಿಳಾಸವನ್ನು ಬಳಸುವುದಿಲ್ಲ. ಮಷೀನ್ ಐಡಿ ಎಂಬ ಒಂದು ಚಿಕ್ಕ ಫೈಲಿನಿಂದ ತನ್ನ ಗುರುತನ್ನು ಕಟ್ಟಿಕೊಳ್ಳುತ್ತದೆ. ಆ ಫೈಲಿನಲ್ಲಿ ಇರುವುದು 32 ಅಕ್ಷರಗಳ ಒಂದೇ ಸಾಲು. ಮಾದರಿ ಯಂತ್ರ ಮೊದಲ ಸಲ ಬೂಟ್ ಆದಾಗ ಹುಟ್ಟಿದ ಆ ಸಾಲು ನಕಲುಗಳೆಲ್ಲದರಲ್ಲೂ ಹಾಗೇ ಕುಳಿತಿತ್ತು. ವಿಳಾಸ ಕೊಡುವ ಸರ್ವರ್ ದೃಷ್ಟಿಯಲ್ಲಿ ಮೂರೂ ಒಬ್ಬರೇ ಆಗಿದ್ದರು, ಆದ್ದರಿಂದ ಮೂವರಿಗೂ ಒಂದೇ ವಿಳಾಸ ಸಿಕ್ಕಿತು. ನನ್ನ ಸಂಪರ್ಕ ಒಮ್ಮೆ ಈ ಯಂತ್ರಕ್ಕೆ, ಒಮ್ಮೆ ಆ ಯಂತ್ರಕ್ಕೆ ಹೋಗುತ್ತಿತ್ತು.

ಇದರಲ್ಲಿ ಇನ್ನೂ ಆಳವಾದ ಒಂದು ಸಂಗತಿ ಇದೆ, ಅದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಬೇರೆ ಯಂತ್ರಕ್ಕೆ ಹೋಗಿ ಬಿದ್ದರೆ ಎಸ್‌ಎಸ್‌ಎಚ್ ಕೂಡಲೇ ಎಚ್ಚರಿಸಬೇಕು. ಅದಕ್ಕಾಗಿಯೇ ಪ್ರತಿ ಸರ್ವರ್‌ಗೂ ತನ್ನದೇ ಆದ ಹೋಸ್ಟ್ ಕೀ, ಎಂದರೆ ತಾನು ಯಾರೆಂದು ಸಾಬೀತುಪಡಿಸುವ ಗುಪ್ತ ಸಂಕೇತ, ಇರುತ್ತದೆ. ನನಗೆ ಎಚ್ಚರಿಕೆ ಬರಲಿಲ್ಲ, ಯಾಕೆಂದರೆ ಆ ಕೀಗಳೂ ಮಾದರಿಯಿಂದಲೇ ನಕಲಾಗಿ ಮೂರರಲ್ಲೂ ಒಂದೇ ಆಗಿದ್ದವು. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿಟ್ಟಿತ್ತು. ಯಂತ್ರಕ್ಕೆ ಸೇರಬೇಕಾದ ಗುರುತನ್ನು ನಾನು ಇಮೇಜ್‌ಗೆ ಸೇರಿಸಿಬಿಟ್ಟಿದ್ದೆ. ಖಾಸಗಿ ಕೀ ಇರುವ ಇಮೇಜನ್ನು ಹೊರಗಿನವರಿಗೆ ಕೊಟ್ಟಿದ್ದರೆ, ಆ ಇಮೇಜಿನಿಂದ ಹುಟ್ಟಿದ ಪ್ರತಿಯೊಂದು ಸರ್ವರ್‌ನ ಸೋಗು ಹಾಕುವ ಸಾಮರ್ಥ್ಯವನ್ನೂ ಅವರ ಕೈಗೆ ಕೊಟ್ಟಂತಾಗುತ್ತಿತ್ತು. ಈಗ ಇಮೇಜ್ ಮುಗಿಸುವಾಗ ಮಷೀನ್ ಐಡಿ ಫೈಲನ್ನು ಖಾಲಿ ಮಾಡುತ್ತೇವೆ, ಹೋಸ್ಟ್ ಕೀಗಳನ್ನು ಅಳಿಸುತ್ತೇವೆ, ಯಾದೃಚ್ಛಿಕ, ಎಂದರೆ ಊಹಿಸಲಾಗದ, ಸಂಖ್ಯೆಗಳಿಗೆ ಬೀಜವಾಗಿ ಉಳಿಸಿಟ್ಟ ಫೈಲನ್ನೂ ತೆಗೆಯುತ್ತೇವೆ. ವರ್ಟ್-ಸಿಸ್‌ಪ್ರೆಪ್ ಎಂಬ ಸಾಧನ ಇದಕ್ಕೆಂದೇ ಇದೆ. ಬೂಟ್ ಆದಾಗ ಕ್ಲೌಡ್-ಇನಿಟ್ ಎಂಬ ಇನ್ನೊಂದು ಸಾಧನ ಹೊಸ ಕೀಗಳನ್ನು ಹುಟ್ಟಿಸುತ್ತದೆ, ಹೆಸರು ಮತ್ತು ನೆಟ್‌ವರ್ಕ್ ವಿವರಗಳನ್ನು ಹೊರಗಿನಿಂದ ಪಡೆಯುತ್ತದೆ.

ಬೀಜದ ಮಾತು ಬಂದದ್ದರಿಂದ ಒಂದು ಮಾತು ಸೇರಿಸಬೇಕು. ಹೊಸ ಕೀ ಹುಟ್ಟಿತು ಎಂದ ಮಾತ್ರಕ್ಕೆ ಅದು ನಿಜವಾಗಿಯೂ ಹೊಸದು ಎಂದಾಗುವುದಿಲ್ಲ. 2006ರಿಂದ 2008ರ ಮೇ ತಿಂಗಳವರೆಗೆ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಪ್ಯಾಕೇಜ್‌ನಲ್ಲಿದ್ದ ಒಂದು ಬದಲಾವಣೆಯಿಂದ, ಕೀ ಹುಟ್ಟಿಸಲು ಬಳಕೆಯಾಗುತ್ತಿದ್ದ ಅನಿಶ್ಚಿತತೆ, ಓಡುವ ಪ್ರೋಗ್ರಾಮಿಗೆ ಯಂತ್ರ ಕೊಡುವ ಪ್ರೋಸೆಸ್ ಸಂಖ್ಯೆಯಷ್ಟಕ್ಕೇ ಇಳಿದಿತ್ತು. ಒಂದೊಂದು ಬಗೆಯ, ಒಂದೊಂದು ಗಾತ್ರದ ಕೀಗಳಲ್ಲಿ ಸಾಧ್ಯವಿದ್ದದ್ದು ಸುಮಾರು 32,768 ಮಾತ್ರ. ಕೋಡ್ ಪರೀಕ್ಷಿಸುವ ಸಾಧನವೊಂದು ತೋರಿಸಿದ ಎಚ್ಚರಿಕೆಯನ್ನು ಇಲ್ಲವಾಗಿಸಲು ಒಳ್ಳೆಯ ಉದ್ದೇಶದಿಂದಲೇ ಮಾಡಿದ ಬದಲಾವಣೆ ಅದು. ಹಾಗಾಗಿಯೇ ಹೊಸದಾಗಿ ಎದ್ದ ವರ್ಚುವಲ್ ಮಷೀನ್‌ಗೆ ಅದನ್ನು ಹೊತ್ತಿರುವ ಯಂತ್ರದಿಂದ ಯಾದೃಚ್ಛಿಕತೆ ಸಿಗುವಂತೆ ಮಾಡುವುದನ್ನು ನಾನು ಐಚ್ಛಿಕವೆಂದು ಎಣಿಸುವುದಿಲ್ಲ.

ಸಂದುಗಳನ್ನು ಬರೆದಿಡುವ ಪ್ರಯತ್ನಗಳು

ಸರ್ವರನ್ನು ಬಿಡಿಭಾಗಗಳ ಪಟ್ಟಿಯಾಗಿ ನೋಡುವ ಯೋಚನೆ ಹೊಸದೇನಲ್ಲ. 2000ರ ದಶಕದ ನಡುವಿನಲ್ಲಿ ಆರ್‌ಪಾತ್ ಎಂಬ ಸಂಸ್ಥೆ ಕೊನರಿ ಎಂಬ ಪ್ಯಾಕೇಜ್ ವ್ಯವಸ್ಥೆಯನ್ನು ಮುಂದಿಟ್ಟು, ಒಂದೊಂದು ಪ್ಯಾಕೇಜನ್ನೂ ಓಡಲು ಬೇಕಾದದ್ದು, ಲೈಬ್ರರಿ, ಅಭಿವೃದ್ಧಿಗೆ ಬೇಕಾದದ್ದು, ದಾಖಲೆ ಎಂದು ತಾನಾಗಿಯೇ ಬಿಡಿಸಿ, ಬೇಕಾದ ತುಂಡುಗಳಿಂದಷ್ಟೇ ಪೂರ್ತಿ ಸರ್ವರ್ ಇಮೇಜ್ ಕಟ್ಟುವ ಅನುಕೂಲ ಮಾಡಿಕೊಟ್ಟಿತ್ತು. ಆ ಸಂಸ್ಥೆ ಈಗಿಲ್ಲ, ಆದರೆ ಆ ಯೋಚನೆ ಬೇರೆ ಬೇರೆ ಹೆಸರುಗಳಲ್ಲಿ ಉಳಿದಿದೆ. ನನಗೆ ಇವುಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವೆನಿಸಿದ್ದು ಎಲ್ಕೋ ಡೋಲ್ಸ್ಟ್ರಾ 2003ರಲ್ಲಿ ಆರಂಭಿಸಿದ ನಿಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆ. ಅಲ್ಲಿ ಪ್ರತಿಯೊಂದು ಪ್ಯಾಕೇಜ್ ಕೂರುವ ಫೋಲ್ಡರಿನ ಹೆಸರಿನಲ್ಲೇ 32 ಅಕ್ಷರಗಳ ಒಂದು ಹ್ಯಾಶ್ (ಲೆಕ್ಕಹಾಕಿ ಪಡೆದ ಗುರುತು) ಇರುತ್ತದೆ, ಅದನ್ನು ಕಟ್ಟಲು ಬಳಸಿದ ಎಲ್ಲದರ ಲೆಕ್ಕ ಆ ಹ್ಯಾಶ್‌ನಲ್ಲಿ ಅಡಗಿರುತ್ತದೆ. ಸಿ ಲೈಬ್ರರಿ ಬದಲಾದರೆ ಅದನ್ನು ನೆಚ್ಚಿರುವ ಡೇಟಾಬೇಸ್‌ನ ಹೆಸರೂ ಬದಲಾಗುತ್ತದೆ. ನಾವು ಆವೃತ್ತಿ 11 ಎಂದು ಒಂದೇ ಹೆಸರಿನಿಂದ ಕರೆದು ಮೋಸಹೋದ ಎರಡು ಡೇಟಾಬೇಸ್‌ಗಳು ಅಲ್ಲಿ ಎರಡು ಬೇರೆ ವಸ್ತುಗಳಾಗಿಯೇ ಕಾಣಿಸುತ್ತಿದ್ದವು.

ಆದರೆ ನಿಕ್ಸ್ ಮೇಲೆ ಕಟ್ಟಿದ ನಿಕ್ಸ್‌ಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಕಾನ್ಫಿಗರೇಶನ್ ಫೈಲಿನಲ್ಲಿಯೂ ಸ್ಟೇಟ್‌ವರ್ಷನ್ ಎಂಬ ಒಂದು ಸಾಲು ಇರುತ್ತದೆ. ಈ ಯಂತ್ರದ ಡೇಟಾ ಮೊದಲು ಹುಟ್ಟಿದ್ದು ಯಾವ ಬಿಡುಗಡೆಯ ಕಾಲದಲ್ಲಿ ಎಂದು ಅದು ಹೇಳುತ್ತದೆ. ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಿದಾಗ ಅದನ್ನು ಸುಮ್ಮನೆ ಬದಲಿಸಕೂಡದು. ಆ ಸಾಲನ್ನು ಮೊದಲ ಸಲ ಕಂಡಾಗ ನನಗೆ ಬಹಳ ಸಮಾಧಾನವಾಯಿತು. ತಂತ್ರಾಂಶದ ಪ್ರತಿಯೊಂದು ತುಂಡನ್ನೂ ಪಾಕವಿಧಾನದಿಂದ ಮತ್ತೆ ಹುಟ್ಟಿಸಬಲ್ಲ ವ್ಯವಸ್ಥೆ ಕೂಡ, ಡೇಟಾಕ್ಕೆ ಒಂದು ವಯಸ್ಸಿದೆ, ಅದನ್ನು ಪಾಕವಿಧಾನದಿಂದ ಹುಟ್ಟಿಸಲಾಗದು ಎಂದು ಒಪ್ಪಿಕೊಂಡಿತ್ತು. ಸಂದು ಇರುವ ಕಡೆ ಸಂದು ಇದೆ ಎಂದು ಬರೆದಿಟ್ಟಿತ್ತು.

ಪಟ್ಟಿಯ ಬಗ್ಗೆ ಇನ್ನೊಂದು ಪಾಠವನ್ನು 2021ರ ಡಿಸೆಂಬರ್ ಕಲಿಸಿತು. ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ ಗಂಭೀರ ದೋಷ ಇದೆಯೆಂದು ಗೊತ್ತಾದಾಗ ನಮ್ಮಲ್ಲಿ ಎದ್ದ ಮೊದಲ ಪ್ರಶ್ನೆ, ಅದು ನಮ್ಮ ಯಾವ ಸರ್ವರ್‌ಗಳಲ್ಲಿದೆ ಎಂಬುದು. ಇಮೇಜ್‌ಗಳ ಪ್ಯಾಕೇಜ್ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಅದು ಅಪ್ಲಿಕೇಶನ್‌ನ ಜಾರ್ ಫೈಲಿನ, ಎಂದರೆ ಜಾವಾ ಕೋಡಿನ ಕಟ್ಟಿನ, ಒಳಗಿನ ಇನ್ನೊಂದು ಜಾರ್ ಫೈಲಿನ ಒಳಗಿತ್ತು. ನಾವು ಒಂದು ಭಾಗ ಎಂದು ಎಣಿಸಿದ್ದರೊಳಗೆ ಹತ್ತಾರು ಭಾಗಗಳಿದ್ದವು, ಪ್ರತಿಯೊಂದನ್ನೂ ನೋಡಿಕೊಳ್ಳುತ್ತಿದ್ದವರು ನಮಗೆ ಗೊತ್ತಿಲ್ಲದ ಯಾರೋ ಆಗಿದ್ದರು. ಅಂದಿನಿಂದ ಇಮೇಜ್ ಕಟ್ಟಿದ ಕೂಡಲೇ ಅದರ ಹೊಟ್ಟೆಯನ್ನು ಪೂರ್ತಿ ಶೋಧಿಸಿ, ಒಳಗೊಳಗೆ ಇರುವ ಲೈಬ್ರರಿಗಳನ್ನೂ ಸೇರಿಸಿ ಪಟ್ಟಿ ಬರೆದು ಇಮೇಜ್ ಜೊತೆಗೇ ಇಡುತ್ತೇವೆ. ಕಟ್ಟುವ ಮೊದಲು ನಾವು ಬರೆಯುವ ಪಟ್ಟಿ ನಮ್ಮ ಆಶಯ; ಕಟ್ಟಿದ ಮೇಲೆ ಸಿಗುವ ಪಟ್ಟಿ ವಾಸ್ತವ. ಎರಡನ್ನೂ ಇಟ್ಟುಕೊಂಡು ಹೋಲಿಸಬೇಕು. ಇದು ಬೇಸರದ ಕೆಲಸ, ಆದರೆ ಮುಂದಿನ ದೋಷದ ಸುದ್ದಿ ಬಂದ ದಿನ ಹತ್ತು ನಿಮಿಷದಲ್ಲಿ ಉತ್ತರ ಕೊಡಲು ಸಾಧ್ಯವಾಗುವುದು ಇದರಿಂದಲೇ.

ಡಿಸ್ಕ್ ಮೇಲಿನ ಚೀಟಿ

ಸಿಗದ ಸಾಲಿನ ವಿಷಯದಲ್ಲಿ ನಾವು ಮಾಡಿದ ಏರ್ಪಾಡು ತುಂಬ ಸರಳ. ಡೇಟಾ ಇರುವ ಡಿಸ್ಕ್‌ನಲ್ಲೇ ಒಂದು ಪುಟ್ಟ ಪಠ್ಯ ಫೈಲ್ ಇಟ್ಟೆವು. ಈ ಡೇಟಾಬೇಸ್‌ನ ಇಂಡೆಕ್ಸ್‌ಗಳು ಯಾವ ಸಿ ಲೈಬ್ರರಿಯ ಯಾವ ಆವೃತ್ತಿಯಲ್ಲಿ ಕಟ್ಟಲ್ಪಟ್ಟವು, ಯಾವ ಭಾಷಾ ಕ್ರಮದಲ್ಲಿ, ಯಾವ ದಿನ ಎಂಬ ಮೂರು ಸಾಲುಗಳು ಅದರಲ್ಲಿವೆ. ಹೊಸ ಯಂತ್ರ ಬೂಟ್ ಆದಾಗ ಡೇಟಾಬೇಸ್ ಏಳುವ ಮೊದಲು ಒಂದು ಸ್ಕ್ರಿಪ್ಟ್ ಆ ಫೈಲನ್ನು ಓದಿ, ತನ್ನಲ್ಲಿರುವ ಲೈಬ್ರರಿಯ ಆವೃತ್ತಿಯೊಂದಿಗೆ ಹೋಲಿಸುತ್ತದೆ. ಹೊಂದದಿದ್ದರೆ ಡೇಟಾಬೇಸನ್ನು ಏಳಲು ಬಿಡುವುದಿಲ್ಲ. ಮೊದಲಿಗೆ ಕೆಲವರು ಇದು ಅತಿಯಾಯಿತು, ಎಚ್ಚರಿಕೆ ಬರೆದು ಮುಂದುವರಿಯಲಿ ಎಂದರು. ನಾನು ಒಪ್ಪಲಿಲ್ಲ. ಲಾಗ್‌ನಲ್ಲಿ ಬಿದ್ದ ಎಚ್ಚರಿಕೆಯನ್ನು ಯಾರೂ ಓದದೆ ಹೋಗಬಹುದು, ತಪ್ಪು ಎರಡು ದಿನ ತಡವಾಗಿ ಗೊತ್ತಾದರೆ ಏನಾಗುತ್ತದೆ ಎಂದು ನಾನು ಕಂಡಿದ್ದೆ.

ಪೋಸ್ಟ್‌ಗ್ರೆಸ್ ಕೂಡ ಆಮೇಲೆ ಇದೇ ದಾರಿಯಲ್ಲಿ ಸಾಗಿದೆ. ಆವೃತ್ತಿ 15ರಿಂದ ಡೇಟಾಬೇಸ್ ತನ್ನ ಮೂಲ ವಿಂಗಡಣೆ ಕ್ರಮದ ಆವೃತ್ತಿಯನ್ನು ತಾನೇ ನೆನಪಿಟ್ಟುಕೊಂಡು, ಹೊಂದದಿದ್ದರೆ ಎಚ್ಚರಿಸುತ್ತದೆ. ಆವೃತ್ತಿ 17ರಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಲೈಬ್ರರಿಯನ್ನು ಅವಲಂಬಿಸದ, ತನ್ನೊಳಗೇ ಇರುವ ವಿಂಗಡಣೆ ಕ್ರಮವೂ ಬಂದಿದೆ. ಆ ಕ್ರಮ ಮನುಷ್ಯರು ಓದುವ ನಿಘಂಟಿನ ಕ್ರಮವಲ್ಲ, ಅಕ್ಷರಗಳ ಸಂಕೇತ ಸಂಖ್ಯೆಗಳ ಕ್ರಮ. ಆದರೆ ಖಾತೆಯ ಸಂಕೇತದಂಥ ವಿಷಯಕ್ಕೆ ಅದೇ ಸಾಕು ಮತ್ತು ಅದೇ ಸರಿ. ಹೊಸದಾಗಿ ಕಟ್ಟುವ ಸರ್ವರ್‌ಗಳಲ್ಲಿ ಅದನ್ನೇ ಬಳಸುತ್ತಿದ್ದೇವೆ. ಕ್ರಮವು ಡೇಟಾದ ಬದಿಗೆ, ತಾನು ಸೇರಬೇಕಾದ ಕಡೆಗೆ ಬಂದಿದೆ.

ಆದರೂ ಹಳೆಯ ಡಿಸ್ಕ್‌ಗಳು ಇನ್ನೂ ಇವೆ, ಅವುಗಳ ಮೇಲಿನ ಚೀಟಿಯೂ ಇದೆ. ಕಳೆದ ಸಲ ತಳವನ್ನು ಬದಲಿಸಿದಾಗ ಯಂತ್ರ ಎದ್ದಿತು, ನೆಟ್‌ವರ್ಕ್ ಬಂತು, ಡೇಟಾಬೇಸ್ ಮಾತ್ರ ಏಳಲಿಲ್ಲ. ಲಾಗ್‌ನ ಕೊನೆಯಲ್ಲಿ ಎರಡು ಆವೃತ್ತಿ ಸಂಖ್ಯೆಗಳು ಒಂದರ ಕೆಳಗೆ ಒಂದು ಇದ್ದವು. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದವರು ನನ್ನ ಪಕ್ಕದಲ್ಲಿದ್ದರು, "ಇದು ತಪ್ಪಾ ಸರ್?" ಎಂದು ಕೇಳಿದರು. ಅವರಿಗೆ 1-1 ಮತ್ತು 11ರ ಪರೀಕ್ಷೆಯನ್ನು ಎರಡೂ ಇಮೇಜ್‌ಗಳಲ್ಲಿ ಓಡಿಸಲು ಹೇಳಿದೆ. ಈ ಸಲ ಎರಡರಲ್ಲೂ ಉತ್ತರ ಒಂದೇ ಬಂತು. ಆದರೆ ಎರಡು ಸಾಲುಗಳ ಕ್ರಮ ಬದಲಾಗದಿದ್ದರೂ ಬೇರೆಲ್ಲೋ ಬದಲಾಗಿರಬಹುದು ಎಂದು ಇಂಡೆಕ್ಸ್‌ಗಳನ್ನೆಲ್ಲ ಮತ್ತೆ ಕಟ್ಟಿದೆವು. ಅದು ಮುಗಿಯಲು ನಲವತ್ತು ನಿಮಿಷ ಬೇಕಾಯಿತು. ಆಮೇಲೆ ಅವರು ಓದಿ ಹೇಳಿದಂತೆ ನಾನು ಚೀಟಿಯ ಮೂರು ಸಾಲುಗಳನ್ನು ತಿದ್ದಿದೆ, ನಾನು ತಿದ್ದಿದ್ದನ್ನು ಅವರು ಇನ್ನೊಮ್ಮೆ ಓದಿದರು. ನಮ್ಮ ಸರ್ವರ್‌ಗಳಲ್ಲಿ ಕೈಯಿಂದ ಮಾಡುವ ಕೆಲಸವಾಗಿ ಈಗ ಉಳಿದಿರುವುದು ಇದೊಂದೇ, ಇದನ್ನು ಇಬ್ಬರು ಕುಳಿತೇ ಮಾಡುತ್ತೇವೆ.